ಕೆಂಡಕ್ಕಿಡುವ ಮುನ್ನ ಮಸಾಲೆಯಲ್ಲಿ ನೆನೆಯಲಿ: ಬಾರ್ಬೆಕ್ಯೂ ಆರೋಗ್ಯಕರವಾಗಿಸುವ ಬಗೆ

ಎಣ್ಣೆಯಲ್ಲಿ ಕರಿದ ತಿನಿಸಿಗೆ ಹೋಲಿಸಿದರೆ ಬಾರ್ಬೆಕ್ಯೂಗೆ ಎಣ್ಣೆ ಬೇಕಾಗುವುದೇ ಕಡಿಮೆ. ಮಾಂಸದ ಕೊಬ್ಬೂ ಒಂದಷ್ಟು ಕರಗಿ ಕೆಳಗೆ ಸೋರಿಹೋಗುತ್ತದೆ. ಇಷ್ಟಿದ್ದೂ ಇದನ್ನು ಹಿತಮಿತವಾಗಿ ತಿನ್ನಿ ಎಂದು ಆಹಾರ ತಜ್ಞರು ಎಚ್ಚರಿಸುವುದು ಮುಖ್ಯವಾಗಿ ಹೊಗೆ ಮತ್ತು ಕರಕಲಿನ ಕಾರಣಕ್ಕೆ.

ಮಾಂಸದಲ್ಲಿರುವ ಕ್ರಿಯೇಟಿನ್ ಮತ್ತು ಅಮೈನೋ ಆಮ್ಲಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಹೆಟೆರೊಸೈಕ್ಲಿಕ್ ಅಮೈನ್ ಎಂಬ ರಾಸಾಯನಿಕಗಳಾಗಿ ಮಾರ್ಪಡುತ್ತವೆ. ಶಾಖ ಏರಿದಷ್ಟೂ, ಹೊತ್ತು ಕಳೆದಷ್ಟೂ ಇವು ಹೆಚ್ಚು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಭುಗಿಲೆದ್ದಾಗ ಬರುವ ಹೊಗೆಯಲ್ಲಿ ಇನ್ನೊಂದು ಗುಂಪಿನ ರಾಸಾಯನಿಕಗಳಿದ್ದು, ಅವು ಆಹಾರದ ಮೇಲೆ ಕೂರುತ್ತವೆ. ಎರಡೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಗೆ ಕಾರಣವಾಗಿವೆ. ಬೆಳ್ಳುಳ್ಳಿ, ಈರುಳ್ಳಿ, ನಿಂಬೆರಸ, ರೋಸ್ಮರಿಯಂಥ ಸೊಪ್ಪುಗಳನ್ನು ಹಾಕಿ ನೆನೆಸಿದ ಮಾಂಸದಲ್ಲಿ ಹೆಟೆರೊಸೈಕ್ಲಿಕ್ ಅಮೈನ್‌ಗಳು ಕಡಿಮೆ ಹುಟ್ಟುತ್ತವೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಹಾಗಾಗಿ ರುಚಿಗೆಂದು ಮಾಡುವ ಮ್ಯಾರಿನೇಡ್ (ಮಾಂಸ ನೆನೆಸುವ ಮಸಾಲೆ) ಆರೋಗ್ಯದ ಕೆಲಸವನ್ನೂ ಮಾಡುತ್ತದೆ. ಅದನ್ನು ಅವಸರದಲ್ಲಿ ಮುಗಿಸಬೇಡಿ.

ಮೊದಲು ಮಾಂಸ

ಕಣ್ಣಿಗೆ ಕಾಣುವ ಕೊಬ್ಬನ್ನೆಲ್ಲ ಕತ್ತರಿಸಿ ತೆಗೆಯಿರಿ. ಕೋಳಿಯಾದರೆ ಚರ್ಮ ಸುಲಿದದ್ದು ಒಳ್ಳೆಯದು. ತುಂಡುಗಳು ಚಿಕ್ಕದಾಗಿದ್ದರೆ ಬೇಗ ಬೇಯುತ್ತವೆ, ಕೆಂಡದ ಮೇಲಿರುವ ಹೊತ್ತು ತಗ್ಗುತ್ತದೆ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಕೈಬಿಡಿ ಎಂದೇ ನನ್ನ ಸಲಹೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವಂಥವುಗಳ ಗುಂಪಿಗೆ, ಸೇರಿಸಿದೆ. ಅದಕ್ಕೆ ಯಾವ ಮಸಾಲೆಯೂ ಮದ್ದಲ್ಲ.

ಮಸಾಲೆ ಕಲಸುವುದು

ಅರ್ಧ ಕಿಲೋ ಕೋಳಿಗೆ ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರು, ಒಂದು ನಿಂಬೆಹಣ್ಣಿನ ರಸ, ಒಂದು ದೊಡ್ಡ ಚಮಚ ಎಣ್ಣೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಹಿಡಿ ಹೆಚ್ಚಿದ ಸೊಪ್ಪು (ಕೊತ್ತಂಬರಿ, ಪುದೀನ, ರೋಸ್ಮರಿ, ಯಾವುದಿದ್ದರೆ ಅದು), ಒಂದು ಟೀ ಚಮಚ ತರಿತರಿ ಮೆಣಸಿನಪುಡಿ, ಅರ್ಧ ಟೀ ಚಮಚ ಅರಿಸಿನ, ಅರ್ಧ ಟೀ ಚಮಚ ಉಪ್ಪು.

ಉಪ್ಪು ಇಷ್ಟೇ ಸಾಕೇ ಎನ್ನಿಸಬಹುದು. ಹುಳಿ ಮತ್ತು ಬೆಳ್ಳುಳ್ಳಿ ಚೆನ್ನಾಗಿದ್ದರೆ ನಾಲಿಗೆ ಉಪ್ಪು ಕೇಳುವುದು ಕಡಿಮೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ದೊಡ್ಡ ಚಮಚ ಸಾಮಾನ್ಯ ಸೋಯಾ ಸಾಸ್‌ನಲ್ಲೇ 2 ಗ್ರಾಂಗೂ ಹೆಚ್ಚು ಉಪ್ಪಿರುತ್ತದೆ. ಸೋಯಾ ಸಾಸ್ ಹಾಕುವುದಾದರೆ ಬೇರೆ ಉಪ್ಪು ಬೇಡ. ಬಾಟಲಿಯಲ್ಲಿ ಬರುವ ಬಾರ್ಬೆಕ್ಯೂ ಸಾಸ್‌ಗಳಲ್ಲಿ ಸಕ್ಕರೆಯೂ ಧಾರಾಳ. ಸಕ್ಕರೆ, ಜೇನು, ಬೆಲ್ಲ ಎಲ್ಲವೂ ಕೆಂಡದ ಮೇಲೆ ಬೇಗ ಸೀದುಹೋಗಿ ನಾವು ತಪ್ಪಿಸಬೇಕೆಂದಿದ್ದ ಕರಕಲನ್ನೇ ತರುತ್ತವೆ. ಸಿಹಿ ಬೇಕೇ ಬೇಕೆಂದರೆ ಕೊನೆಯ ಎರಡು ನಿಮಿಷದಲ್ಲಿ ತೆಳ್ಳಗೆ ಸವರಿ.

ಕಲಸಿದ ಮಸಾಲೆಯಲ್ಲಿ ಎರಡು ಚಮಚದಷ್ಟನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ. ಬೆಂದ ಮೇಲೆ ಜೊತೆಗಿಡಲು ಇದು ಬೇಕು. ಹಸಿ ಮಾಂಸ ನೆನೆದ ಮಸಾಲೆಯನ್ನು ಬೆಂದದ್ದರ ಮೇಲೆ ಸುರಿಯುವುದು ಅಪಾಯ.

ಎಷ್ಟು ಹೊತ್ತು ನೆನೆಸಬೇಕು?

ರಾತ್ರಿಯೆಲ್ಲ ನೆನೆದರೆ ಒಳಗಿನವರೆಗೆ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಒಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪು. ಬೆಳ್ಳುಳ್ಳಿ, ಸೊಪ್ಪಿನ ಸಾರ ಹೆಚ್ಚೆಂದರೆ ಮೇಲಿನ ಕೆಲವು ಮಿಲಿಮೀಟರ್‌ನಲ್ಲೇ ಉಳಿಯುತ್ತದೆ. ಕರಕಲಾಗುವುದೂ ಆ ಮೇಲ್ಮೈಯೇ ಆದ್ದರಿಂದ ನಮಗೆ ಅಷ್ಟು ಸಾಕು. ಕೋಳಿಗೆ ಎರಡರಿಂದ ನಾಲ್ಕು ಗಂಟೆ, ಮೀನಿಗೆ ಅರ್ಧ ಗಂಟೆಯೊಳಗೆ. ಮೀನಿನ ಅಂಚು ಬೆಳ್ಳಗೆ ತಿರುಗಿ, ಬೆರಳಿಟ್ಟರೆ ಪದರ ಬಿಡುವಂತಿದ್ದರೆ ಹುಳಿಯಲ್ಲಿ ಹೊತ್ತು ಮೀರಿತು ಎಂದೇ ಅರ್ಥ. ಪಪ್ಪಾಯಿಕಾಯಿ, ಅನಾನಸ್ ಹಾಕಿದರೆ ಇನ್ನೂ ಬೇಗ ಎಚ್ಚರವಾಗಬೇಕು. ಅವುಗಳ ಕಿಣ್ವ ಮಾಂಸವನ್ನು ಮುದ್ದೆ ಮಾಡಿಬಿಡುತ್ತದೆ. ನೆನೆಸುವುದು ಗಾಜು ಅಥವಾ ಸ್ಟೀಲ್ ಪಾತ್ರೆಯಲ್ಲಿ, ಫ್ರಿಜ್ ಒಳಗೆ. ಅಲ್ಯೂಮಿನಿಯಂ ಹುಳಿಗೆ ಆಗದು.

ಕೆಂಡದ ಮೇಲೆ

ಉರಿ ಪೂರ್ತಿ ಇಳಿದು, ಇದ್ದಿಲಿನ ಮೇಲೆ ಬೂದಿ ಕವಿಯುವವರೆಗೆ ಕಾಯಿರಿ. ಕೆಂಡವನ್ನು ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ಖಾಲಿ ಬಿಡಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದ ಕೂಡಲೇ ತುಂಡುಗಳನ್ನು ಖಾಲಿ ಬದಿಗೆ ಸರಿಸಬಹುದು. ಜಾಲರಿಗೆ ಇಡುವ ಮುನ್ನ ಹೆಚ್ಚಿನ ಮಸಾಲೆಯನ್ನು ಒರೆಸಿ ತೆಗೆಯಿರಿ, ಇಲ್ಲವಾದರೆ ಅದೇ ಮೊದಲು ಸೀಯುತ್ತದೆ. ಮರದ ಕಡ್ಡಿಗಳಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆದಿರಲಿ. ತುಂಡುಗಳನ್ನು ಆಗಾಗ ಮಗುಚುತ್ತಿರಿ. ಒಂದೇ ಮಗ್ಗುಲು ಕಾದಷ್ಟೂ ಹಾನಿಕರ ಅಂಶ ಹೆಚ್ಚು.

ಕರಕಲಿನ ಭಯಕ್ಕೆ ಹಸಿಯಾಗಿ ಇಳಿಸುವುದೂ ತಪ್ಪು. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಮೀನು 63. ಹೊರಗಿನ ಬಣ್ಣ ನೋಡಿ ಇದನ್ನು ಹೇಳಲಾಗದು. ಚಿಕ್ಕದೊಂದು ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪನೆಯ ಜಾಗಕ್ಕೆ ಚುಚ್ಚಿ ನೋಡಿ.

ಅರ್ಧ ಜಾಲರಿ ತರಕಾರಿಗೆ

ತರಕಾರಿಯಲ್ಲಿ ಕ್ರಿಯೇಟಿನ್ ಇಲ್ಲದಿರುವುದರಿಂದ ಹೆಟೆರೊಸೈಕ್ಲಿಕ್ ಅಮೈನ್‌ನ ತೊಂದರೆ ಅಷ್ಟಾಗಿ ಇಲ್ಲ. ನಾರು ಸಿಗುತ್ತದೆ, ಮಾಂಸದ ಪಾಲೂ ತಾನಾಗಿ ಇಳಿಯುತ್ತದೆ. ದಪ್ಪಮೆಣಸಿನಕಾಯಿ, ಈರುಳ್ಳಿ, ಬದನೆ, ಜೋಳದ ತೆನೆ ಎಲ್ಲಕ್ಕೂ ಎಣ್ಣೆ, ಬೆಳ್ಳುಳ್ಳಿ ಸವರಿದರಾಯಿತು. ಅಣಬೆ ನೀರು ಬಿಡುತ್ತದೆ; ಅದಕ್ಕೆ ಉಪ್ಪನ್ನು ಬೆಂದ ಮೇಲೆ ಉದುರಿಸಿ. ಗೆಣಸು ನಿಧಾನ, ಮೊದಲೇ ಅರ್ಧ ಬೇಯಿಸಿಕೊಳ್ಳಿ.

ಎಲ್ಲ ಇಳಿಸಿದ ಮೇಲೆ ತೆಗೆದಿಟ್ಟ ಮಸಾಲೆಗೆ ಇನ್ನಷ್ಟು ಮೊಸರು, ಹೆಚ್ಚಿದ ಸೊಪ್ಪು ಸೇರಿಸಿ ಜೊತೆಗಿಡಿ. ಅಲ್ಲಲ್ಲಿ ಕಪ್ಪಗಾದ ಭಾಗವಿದ್ದರೆ ತಟ್ಟೆಗೆ ಹಾಕುವ ಮುನ್ನ ಚಾಕುವಿನಿಂದ ಕೆರೆದು ತೆಗೆಯಿರಿ.