ಫ್ರೆಂಚ್ ಲೀಗ್‌ನ ಅಂಕಿಅಂಶ ಪಟ್ಟಿಯನ್ನು ನಾನು ಓದುವ ಬಗೆ

ಫ್ರಾನ್ಸ್‌ನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಯಾವುದೇ ಪಂದ್ಯದ ಅಂಕಿಅಂಶ ಪಟ್ಟಿಯಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ‘ಎವಾಲ್ಯುಯೇಷನ್’ ಎಂಬ ಒಂದು ಸಂಖ್ಯೆ ಇರುತ್ತದೆ. ಅಂಕ, ರೀಬೌಂಡ್ (ತಪ್ಪಿದ ಹೊಡೆತದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್‌ಗಳನ್ನು (ಎದುರಾಳಿಯ ಹೊಡೆತವನ್ನು ತಡೆಯುವುದು) ಕೂಡಿಸಿ, ಅದರಿಂದ ತಪ್ಪಿದ ಹೊಡೆತ, ತಪ್ಪಿದ ಫ್ರೀ ಥ್ರೋ (ಎದುರಾಳಿಯ ಫೌಲ್‌ಗಾಗಿ ಸಿಗುವ, ಯಾರೂ ತಡೆಯದ ಹೊಡೆತ) ಮತ್ತು ಟರ್ನೋವರ್‌ಗಳನ್ನು (ಹೊಡೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು) ಕಳೆದರೆ ಈ ಸಂಖ್ಯೆ ಸಿಗುತ್ತದೆ. ಪಂದ್ಯದ ಮರುದಿನ ಚರ್ಚೆಯೆಲ್ಲ ಇದರ ಸುತ್ತಲೇ ನಡೆಯುವುದರಿಂದ ಓದುಗರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಾನು ಮಾತ್ರ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಬೆಂಗಳೂರಿನ ಒಂದು ಕಾಲೇಜು ತಂಡಕ್ಕೆ ಪಂದ್ಯದ ಅಂಕಿಅಂಶ ಬರೆದುಕೊಡುವ ಕೆಲಸ ನನ್ನದು. ಕೈ ಪಳಗಿಸಿಕೊಳ್ಳಲು ನಾನು ಆರಿಸಿಕೊಂಡದ್ದು 2023ರ ಜೂನ್ 15ರಂದು ಪ್ಯಾರಿಸ್‌ನ ರೋಲಾಂಡ್ ಗ್ಯಾರೋಸ್‌ನಲ್ಲಿ ನಡೆದ ಲೀಗ್ ಫೈನಲ್‌ನ ಮೂರನೇ ಪಂದ್ಯವನ್ನು. ಮೊನಾಕೊ ತಂಡವು ಮೆಟ್ರೋಪಾಲಿಟನ್ಸ್ 92 ತಂಡವನ್ನು 92-85ರಿಂದ ಸೋಲಿಸಿ, ಸರಣಿಯನ್ನು 3-0ರಿಂದ ಗೆದ್ದುಕೊಂಡ ಪಂದ್ಯವದು. ಸೋತ ತಂಡದಲ್ಲಿ ಆಗ 19 ವರ್ಷದ ವಿಕ್ಟರ್ ವೆಂಬನ್ಯಾಮಾ ಇದ್ದರು. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 21.6 ಅಂಕ, 10.4 ರೀಬೌಂಡ್ ಮತ್ತು 3 ಬ್ಲಾಕ್‌ಗಳೊಂದಿಗೆ ಮೂರೂ ವಿಭಾಗಗಳಲ್ಲಿ ಲೀಗ್‌ಗೆ ಮೊದಲಿಗರಾಗಿದ್ದ ಆಟಗಾರನ ತಂಡ ಫೈನಲ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ ಎಂಬ ಸಂಗತಿಯೇ ನನ್ನನ್ನು ಆಟಗಾರನ ಸಾಲಿನಿಂದ ತಂಡದ ಸಾಲಿನ ಕಡೆಗೆ ತಿರುಗಿಸಿತು.

ಲೆಕ್ಕಕ್ಕೆ ಇಳಿಯುವ ಮುನ್ನ ಪಟ್ಟಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತೇನೆ. ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಐವರು ಆಡುವುದರಿಂದ ಹೆಚ್ಚುವರಿ ಸಮಯವಿಲ್ಲದ ಪಂದ್ಯದಲ್ಲಿ ಒಂದು ತಂಡದ ಒಟ್ಟು ನಿಮಿಷಗಳು 200 ಆಗಲೇಬೇಕು. ಎರಡಂಕದ, ಮೂರಂಕದ ಮತ್ತು ಫ್ರೀ ಥ್ರೋ ಬುಟ್ಟಿಗಳಿಂದ ಬಂದ ಮೊತ್ತವು ಅಂತಿಮ ಸ್ಕೋರ್‌ಗೆ ಹೊಂದಬೇಕು. ಯಾವ ಆಟಗಾರನ ಹೆಸರಿಗೂ ಸೇರದ ರೀಬೌಂಡ್‌ಗಳು ತಂಡದ ಹೆಸರಿನಲ್ಲಿ ಪ್ರತ್ಯೇಕ ಸಾಲಿನಲ್ಲಿರುತ್ತವೆ. ಆ ಸಾಲನ್ನು ಬಿಟ್ಟು ಕೂಡಿಸಿದರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಅನಂತರ ಪೊಸೆಷನ್‌ಗಳ ಲೆಕ್ಕ ಮಾಡುತ್ತೇನೆ, ಅಂದರೆ ಚೆಂಡು ತಂಡದ ಕೈಗೆ ಬಂದು, ಬುಟ್ಟಿಗೆ ಬಿದ್ದೋ ಎದುರಾಳಿಯ ಪಾಲಾಗಿಯೋ ಮುಗಿಯುವ ಸರದಿಗಳನ್ನು ಎಣಿಸುತ್ತೇನೆ. ಪಟ್ಟಿಯಲ್ಲಿ ಅದು ನೇರವಾಗಿ ಸಿಗದಿದ್ದಾಗ ಒಟ್ಟು ಹೊಡೆತಗಳಿಗೆ ಟರ್ನೋವರ್‌ಗಳನ್ನು ಮತ್ತು ಫ್ರೀ ಥ್ರೋಗಳ 0.44 ಭಾಗವನ್ನು ಸೇರಿಸಿ, ಆಕ್ರಮಣದ ರೀಬೌಂಡ್‌ಗಳನ್ನು, ಅಂದರೆ ತಮ್ಮದೇ ತಪ್ಪಿದ ಹೊಡೆತದ ಚೆಂಡನ್ನು ಮತ್ತೆ ಹಿಡಿದದ್ದನ್ನು, ಕಳೆಯುತ್ತೇನೆ. ಸಾಮಾನ್ಯವಾಗಿ ಎರಡು ಫ್ರೀ ಥ್ರೋಗಳಿಗೆ ಒಂದು ಸರದಿ ಮುಗಿಯುತ್ತದೆ, ಆದರೆ ಬುಟ್ಟಿ ಬಿದ್ದ ಮೇಲೆ ಸಿಗುವ ಹೆಚ್ಚುವರಿ ಫ್ರೀ ಥ್ರೋ ಮತ್ತು ಟೆಕ್ನಿಕಲ್ ಫೌಲ್‌ನ (ನಡವಳಿಕೆಯಂಥ ತಪ್ಪಿನ) ಫ್ರೀ ಥ್ರೋ ಬೇರೆ ಸರದಿಯನ್ನು ಬಳಸುವುದಿಲ್ಲವಾದ್ದರಿಂದ ಅರ್ಧಕ್ಕಿಂತ ತುಸು ಕಡಿಮೆಯ ಈ ಭಾಗವನ್ನು ಹಿಡಿಯುತ್ತಾರೆ. ಉದಾಹರಣೆಗೆ 62 ಹೊಡೆತ, 20 ಫ್ರೀ ಥ್ರೋ, 13 ಟರ್ನೋವರ್, 10 ಆಕ್ರಮಣದ ರೀಬೌಂಡ್ ಇದ್ದರೆ ಸುಮಾರು 74 ಪೊಸೆಷನ್‌ಗಳಾಗುತ್ತವೆ. 0.44 ಎಂಬುದು ಅಮೆರಿಕದ ಆಟವನ್ನು ನೋಡಿ ಕಂಡುಕೊಂಡ ಅಂದಾಜಾದ್ದರಿಂದ ನಾನು ಎರಡೂ ತಂಡಗಳಿಗೆ ಬೇರೆಬೇರೆಯಾಗಿ ಲೆಕ್ಕ ಹಾಕುತ್ತೇನೆ. ಚೆಂಡು ಸರದಿಯಂತೆ ಕೈ ಬದಲಾಗುವುದರಿಂದ ಎರಡು ಮೊತ್ತಗಳು ಹೆಚ್ಚುಕಡಿಮೆ ಸಮನಾಗಬೇಕು, ಮೂರು ನಾಲ್ಕರಷ್ಟು ಅಂತರ ಬಂದರೆ ಎಲ್ಲೋ ಒಂದು ನಮೂದು ತಪ್ಪಿದೆ ಎಂದು ತಿಳಿದು ಮತ್ತೆ ಹುಡುಕುತ್ತೇನೆ.

ಇಷ್ಟಾದ ಮೇಲೆ ಸ್ಕೋರ್‌ಗೆ ಅರ್ಥ ಬರುತ್ತದೆ. 92 ಅಂಕಗಳು 70 ಪೊಸೆಷನ್‌ಗಳಲ್ಲಿ ಬಂದಿದ್ದರೆ ಒಂದಕ್ಕೆ 1.31 ಅಂಕ ಗಳಿಸಿದ ಅಸಾಧಾರಣ ಆಕ್ರಮಣ, 80ರಲ್ಲಿ ಬಂದಿದ್ದರೆ 1.15 ಗಳಿಸಿದ ಒಳ್ಳೆಯ ಆಕ್ರಮಣ. ಏಳು ಅಂಕಗಳ ಸೋಲಿಗೆ ಹೊಡೆತದ ಗುಣಮಟ್ಟ ಕಾರಣವೇ, ಟರ್ನೋವರ್ ಕಾರಣವೇ, ರೀಬೌಂಡ್ ಕಾರಣವೇ, ಫ್ರೀ ಥ್ರೋ ಕಾರಣವೇ ಎಂಬ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುತ್ತೇನೆ. ಹೊಡೆತಗಳ ಪ್ರಮಾಣ ತೆಗೆಯುವಾಗ ಮೂರಂಕದ ಬುಟ್ಟಿಯೊಂದನ್ನು ಒಂದೂವರೆ ಬುಟ್ಟಿಯೆಂದು ಎಣಿಸುತ್ತೇನೆ.

ಎವಾಲ್ಯುಯೇಷನ್ ಸಂಖ್ಯೆಯನ್ನು ನಾನು ಏಕೆ ಹಿಂದಕ್ಕೆ ತಳ್ಳುತ್ತೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡಂಕದ ಮೂರು ಹೊಡೆತಗಳಲ್ಲಿ ಒಂದನ್ನು ಮಾತ್ರ ಬುಟ್ಟಿಗೆ ಹಾಕಿದ ಆಟಗಾರ ಎರಡು ಅಂಕ ಗಳಿಸಿ ಎರಡು ಕಳೆದುಕೊಂಡು ಸೊನ್ನೆಯಲ್ಲಿ ನಿಲ್ಲುತ್ತಾನೆ, ಮೂರಂಕದ ಹೊಡೆತದಲ್ಲಿ ನಾಲ್ಕಕ್ಕೆ ಒಂದು ಬಿದ್ದರೂ ಸೊನ್ನೆಯೇ. ಅದಕ್ಕಿಂತ ಕೊಂಚ ಮೇಲೆ ಹೊಡೆದರೆ ಸಾಕು, ಹೊಡೆದಷ್ಟೂ ಸಂಖ್ಯೆ ಏರುತ್ತಲೇ ಹೋಗುತ್ತದೆ. ಎರಡಂಕದ 16 ಹೊಡೆತಗಳಲ್ಲಿ 6 ಬಿದ್ದರೆ ಈ ಲೆಕ್ಕದಲ್ಲಿ ಎರಡು ಅಂಕ ಲಾಭ ಕಾಣುತ್ತದೆ, ಆದರೆ ಹೊಡೆತಕ್ಕೆ ಸಿಕ್ಕಿದ್ದು 0.75 ಅಂಕ ಮಾತ್ರ. ಎದುರಾಳಿ ಪ್ರತಿ ಪೊಸೆಷನ್‌ಗೆ 1.15 ಗಳಿಸುತ್ತಿರುವ ಪಂದ್ಯದಲ್ಲಿ ಇಂಥ ಹೊಡೆತಗಳು ತಂಡವನ್ನು ಸೋಲಿನತ್ತ ಒಯ್ಯುತ್ತವೆ. ಹೀಗಿರುವಾಗ ಈ ಸಂಖ್ಯೆಯಿಂದ ಆಟಗಾರನ ಬೆಲೆ ಕಟ್ಟುವುದು ನನಗೆ ಅನ್ಯಾಯವಾಗಿ ಕಾಣುತ್ತದೆ, ಅದರಲ್ಲೂ ಕಡಿಮೆ ಹೊಡೆದು ಸರಿಯಾದ ಜಾಗದಲ್ಲಿ ನಿಲ್ಲುವ ಆಟಗಾರನಿಗೆ.

ಮೊನಾಕೊ ಯುರೋಪಿನ ಕ್ಲಬ್‌ಗಳ ಸ್ಪರ್ಧೆಯಾದ ಯೂರೋಲೀಗ್‌ನಲ್ಲೂ ಆಡುತ್ತದೆ. ಅಲ್ಲಿನ ಸೂತ್ರವು ಗಿಟ್ಟಿಸಿಕೊಂಡ ಫೌಲ್‌ಗಳನ್ನು ಕೂಡಿಸಿ, ಮಾಡಿದ ಫೌಲ್‌ಗಳನ್ನೂ ತಡೆಗೊಳಗಾದ ಹೊಡೆತಗಳನ್ನೂ ಕಳೆಯುತ್ತದೆ. ಆದ್ದರಿಂದ ಒಬ್ಬನೇ ಆಟಗಾರನ ಎರಡು ಸ್ಪರ್ಧೆಗಳ ಸಂಖ್ಯೆಗಳನ್ನು ನಾನು ಪಕ್ಕಪಕ್ಕ ಇಟ್ಟು ಹೋಲಿಸುವುದಿಲ್ಲ.

ವೆಂಬನ್ಯಾಮಾ ಅವರಂಥ ಆಟಗಾರರಿದ್ದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಬ್ಲಾಕ್ ಕಾಲಮ್ ತಡೆದ ಹೊಡೆತವನ್ನಷ್ಟೇ ಎಣಿಸುತ್ತದೆ. ತಡೆದ ಚೆಂಡು ಗೆರೆಯಾಚೆ ಹೋಗಿ ಎದುರಾಳಿಗೇ ಮರಳಿತೇ, ಇಲ್ಲವೇ ಸಹ ಆಟಗಾರನ ಕೈಸೇರಿತೇ ಎಂಬುದನ್ನು ಅದು ಹೇಳುವುದಿಲ್ಲ, ರಿಂಗ್‌ನ ಬಳಿ ಬಂದವನು ಆ ಉದ್ದ ಕೈಗಳನ್ನು ಕಂಡು ಹೊಡೆಯದೆ ಚೆಂಡನ್ನು ಹೊರಕ್ಕೆ ಕೊಟ್ಟದ್ದಂತೂ ಎಲ್ಲಿಯೂ ದಾಖಲಾಗುವುದಿಲ್ಲ. ಅದಕ್ಕಾಗಿ ಪಂದ್ಯದ ವಿಡಿಯೊವನ್ನು ಮತ್ತೆ ನೋಡುತ್ತ, ಅವರು ಅಂಗಣದಲ್ಲಿದ್ದ ಮತ್ತು ಬೆಂಚಿನಲ್ಲಿದ್ದ ಅವಧಿಗಳನ್ನು ಬೇರ್ಪಡಿಸಿ, ಒಳಗೆ ನುಗ್ಗಿ ಹಿಂದೆ ಸರಿದ ಪ್ರತಿ ಪ್ರಯತ್ನಕ್ಕೂ ಒಂದು ಗೆರೆ ಎಳೆದುಕೊಂಡೆ. ಆ ಕಾಲಮ್ ಈಗ ನಮ್ಮ ಕಾಲೇಜಿನ ಪಟ್ಟಿಯಲ್ಲೂ ಬ್ಲಾಕ್ ಪಕ್ಕದಲ್ಲಿದೆ. ಒಬ್ಬರೇ ಎಲ್ಲವನ್ನೂ ಬರೆಯಲಾಗದ ಕಾರಣ ಅದನ್ನು ಬೆಂಚಿನಲ್ಲಿರುವ ಒಬ್ಬ ಆಟಗಾರನಿಗೆ ವಹಿಸುತ್ತೇವೆ, ಬಿಡುವಿನ ವೇಳೆಯಲ್ಲಿ ಕೋಚ್ ಮೊದಲು ಕೇಳುವುದೂ ಅದನ್ನೇ.