ಮ್ಯಾಗಜಿನ್ ಒಳಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದ ಮೇಲೆ

ಪಿಸ್ತೂಲಿಗೆ ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್‌ಗೆ, ಎಣ್ಣೆ ಹಾಕೋದು ನಿಲ್ಲಿಸ್ತೀನಿ ಅಂದಾಗ ಶೂಟಿಂಗ್ ರೇಂಜ್‌ನಲ್ಲಿ ಜೊತೆಗಿದ್ದವರೆಲ್ಲ ಬೇಡ ಅಂದರು. ತುಕ್ಕು ಹಿಡಿಯುತ್ತದೆ, ಫಾಲೋಯರ್ (ಒಳಗೆ ತೋಟಾಗಳನ್ನು ಮೇಲಕ್ಕೆ ತಳ್ಳುವ ತುಣುಕು) ಸಿಕ್ಕಿಕೊಳ್ಳುತ್ತದೆ, ತೋಟಾ ಸಿಕ್ಕಿ ಪಿಸ್ತೂಲು ನಿಲ್ಲುವುದು, ಅಂದರೆ ಜಾಮ್, ಇನ್ನೂ ಜಾಸ್ತಿಯಾಗುತ್ತದೆ ಅಂತ. ಎಲ್ಲ ಸರಿಮಾಡಿಕೊಂಡ ಮೇಲೆ ಸುಮಾರು 3,000 ತೋಟಾ ಹೊಡೆದಿದ್ದೇನೆ. ನೆನಪಿರುವ ಮಟ್ಟಿಗೆ ಜಾಮ್ ಆಗಿದ್ದು ಎರಡೇ ಸಲ. ಅದರಲ್ಲೊಂದು ತೋಟಾದ್ದೇ ತಪ್ಪು.

ನನ್ನದು .22 (0.22 ಇಂಚಿನ ಸಣ್ಣ ತೋಟಾದ) ಟಾರ್ಗೆಟ್ ಪಿಸ್ತೂಲು. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯಲ್ಲಿ 10 ಸೆಕೆಂಡಿಗೆ ಐದು ಗುಂಡು ಹೊಡೆಯುವಾಗ ನಾಲ್ಕನೆಯದು ಸಿಕ್ಕಿಕೊಂಡರೆ ಹೇಗಿರುತ್ತದೆ ಅಂತ ಹೊಡೆದವರಿಗೇ ಗೊತ್ತು. ಒಂದು ವರ್ಷ ಇದೇ ಗೋಳು. ಮೊದಲು ತೋಟಾ ಮೇಲೆ ಅನುಮಾನ, ದುಬಾರಿದಕ್ಕೆ ಬದಲಾಯಿಸಿದೆ. ಆಮೇಲೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್. ಅದಾದ ಮೇಲೆ ಖಾಲಿ ತೋಟಾ ಎಳೆದು ತೆಗೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್. ಆ ದುಡ್ಡಿಗೆ ಎರಡು ಹೊಸ ಮ್ಯಾಗಜಿನ್ ಬರುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದ ಮ್ಯಾಗಜಿನ್ ಸ್ಪ್ರಿಂಗ್‌ಗೆ ಹೋಗಿದ್ದು ಒಂದು ಮ್ಯಾಗಜಿನ್ ಬೆಲೆಯ ಕಾಲು ಭಾಗವೂ ಇಲ್ಲ.

ದಾರಿ ಸಿಕ್ಕಿದ್ದು ಮಾರ್ಕರ್ ಪೆನ್ನಿಂದ. ನಾಲ್ಕೂ ಮ್ಯಾಗಜಿನ್‌ಗಳ ಬೇಸ್ ಪ್ಲೇಟ್ (ತಳದ ಮುಚ್ಚಳ) ಮೇಲೆ 1ರಿಂದ 4 ಅಂತ ಬರೆದೆ. ಯಾವುದರಲ್ಲಿ, ಎಷ್ಟನೇ ಗುಂಡಿಗೆ ಜಾಮ್ ಆಯಿತು ಅಂತ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದೆ. ನಮ್ಮ ಗುಂಪಿನಲ್ಲಿ ಹೀಗೆ ಲೆಕ್ಕ ಇಟ್ಟವರು ಬೇರೆ ಯಾರೂ ಇಲ್ಲ. ಒಂದು ತಿಂಗಳಲ್ಲಿ ಹದಿನಾಲ್ಕೋ ಹದಿನೈದೋ ಜಾಮ್. ಅದರಲ್ಲಿ ಹನ್ನೊಂದು 2 ಮತ್ತು 3ರದ್ದೇ. 2ನೇದು ಯಾವಾಗಲೂ ಕೊನೆಯ ಒಂದೆರಡು ಗುಂಡಿಗೆ ಕೈಕೊಡುತ್ತಿತ್ತು. 3ನೇದಕ್ಕೆ ಲೆಕ್ಕವೇ ಇಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು.

3ನ್ನು ಮೊದಲು ಬಿಚ್ಚಿದೆ. ಬೇಸ್ ಪ್ಲೇಟ್ ಸರಿಸುವಾಗ ಹೆಬ್ಬೆರಳು ಅಡ್ಡ ಇಟ್ಟಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಹಿಂದೊಮ್ಮೆ ಸ್ಪ್ರಿಂಗ್ ಹಾರಿ ಹೋಗಿದ್ದು ಇನ್ನೂ ಸಿಕ್ಕಿಲ್ಲ. ಒಳಗೆ ನೋಡಿದರೆ, ಫಾಲೋಯರ್ ಗುಂಡಿ (ಬೆರಳಿನಿಂದ ಕೆಳಗೆ ಎಳೆಯುವ ಬಟನ್) ಓಡಾಡುವ ಸೀಳಿನ ಉದ್ದಕ್ಕೂ ಕಪ್ಪು ಮೇಣ. ಉಗುರಿನಿಂದ ಕೆರೆದರೆ ಬೂಟ್ ಪಾಲಿಶ್ ಹಾಗೆ ಮೆತ್ತಗೆ ಬಂತು. .22 ಗುಂಡಿನ ಮೇಲಿನ ಮೇಣ, ಪೂರ್ತಿ ಉರಿಯದ ಮದ್ದಿನ ಪುಡಿ, ಜೊತೆಗೆ ನಾನೇ ವಾರವಾರ ಬಿಡುತ್ತಿದ್ದ ಎಣ್ಣೆ. ಮೂರೂ ಸೇರಿ ಅಂಟಾಗಿತ್ತು. ಫಾಲೋಯರ್ ಒತ್ತಿ ಬಿಟ್ಟರೆ ಅರ್ಧಕ್ಕೆ ಬಂದು ತಡೆದು, ಆಮೇಲೆ ನಿಧಾನಕ್ಕೆ ಮೇಲೆ ಏರುತ್ತಿತ್ತು. ಹಿಂದೆ ಮುಂದೆ ಓಡಿ ಮುಂದಿನ ತೋಟಾ ಒಳಗೆ ತಳ್ಳುವ ಸ್ಲೈಡ್ ಅಷ್ಟು ಹೊತ್ತು ಕಾಯುತ್ತದೆಯೇ?

ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ), ನೈಲಾನ್ ಬ್ರಷ್, ಒಣ ಬಟ್ಟೆ. ಇಷ್ಟೇ. ಫಾಲೋಯರ್ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೆ ಸೋಪಿನ ನೀರು. ಎಲ್ಲ ಪೂರ್ತಿ ಒಣಗಿದ ಮೇಲೆ ಜೋಡಿಸಿದೆ. ಒಳಗೆ ಒಂದು ಹನಿ ಎಣ್ಣೆಯೂ ಇಲ್ಲ. ಹೊರಗಿನ ಉಕ್ಕಿಗೆ ಮಾತ್ರ ಎಣ್ಣೆ ಪಸೆಯ ಬಟ್ಟೆಯಲ್ಲಿ ಒಂದು ಸಲ ಒರೆಸುತ್ತೇನೆ. ಈವರೆಗೆ ಎಲ್ಲೂ ತುಕ್ಕು ಕಂಡಿಲ್ಲ.

ನಡುವೆ ಗ್ರಾಫೈಟ್ ಪುಡಿಯನ್ನೂ ನೋಡಿದೆ. ಮೊದಲ ದಿನ ಬೆಣ್ಣೆ ಹಾಗೆ ಜಾರುತ್ತಿತ್ತು. ವಾರದಲ್ಲಿ ಗುಂಡಿನ ಮೇಣದ ಜೊತೆ ಸೇರಿ ಮತ್ತೆ ಅಂಟು. ಬಿಟ್ಟುಬಿಟ್ಟೆ.

2ನೇದರದ್ದು ಸ್ಪ್ರಿಂಗ್ ಸಮಸ್ಯೆ. ಮ್ಯಾಗಜಿನ್ ಖಾಲಿಯಾಗುತ್ತಾ ಬಂದಾಗಲೇ ಸ್ಪ್ರಿಂಗ್ ಒತ್ತಡ ಕಡಿಮೆ ಅಲ್ವಾ, ಅದಕ್ಕೇ ಕೊನೆಯ ಗುಂಡುಗಳಿಗೆ ತೊಂದರೆ. ದುಡ್ಡು ಉಳಿಸೋಣ ಅಂತ ಕೈಯಲ್ಲಿ ಎಳೆದು ಉದ್ದ ಮಾಡಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತ ಕೆಟ್ಟದಾಯಿತು. ಹೊಸ ಸ್ಪ್ರಿಂಗ್ ತಂದರೆ ಅದನ್ನು ತಲೆಕೆಳಗಾಗಿ ಹಾಕಿಬಿಟ್ಟೆ. ಫಾಲೋಯರ್ ಮೂತಿ ಕೆಳಗೆ ಬಾಗಿ, ಗುಂಡು ಹೋಗಿ ನಳಿಗೆಗೆ ಏರುವ ಇಳಿಜಾರಿಗೆ, ಅಂದರೆ ಫೀಡ್ ರ‍್ಯಾಂಪ್‌ಗೆ ಗುದ್ದುತ್ತಿತ್ತು. ಈಗ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳುತ್ತೇನೆ.

ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತದೆ ಅನ್ನುವ ಮಾತನ್ನೂ ಪರೀಕ್ಷೆ ಮಾಡಿದೆ. ಒಂದು ಹೊಸ ಸ್ಪ್ರಿಂಗ್ ಮೂರು ತಿಂಗಳು ತುಂಬಿದ ಮ್ಯಾಗಜಿನ್‌ನಲ್ಲೇ ಇತ್ತು. ಮೊದಲ ಕೆಲವು ದಿನ ಸ್ವಲ್ಪ ಕುಗ್ಗಿತು, ಆಮೇಲೆ ಹಾಗೇ ನಿಂತಿತು. ಅದರಿಂದ ಒಂದೂ ಜಾಮ್ ಬರಲಿಲ್ಲ. ಸ್ಪ್ರಿಂಗ್ ಸವೆಯುವುದು ತುಂಬಿ ಖಾಲಿ ಮಾಡಿ, ತುಂಬಿ ಖಾಲಿ ಮಾಡಿ.

4ನೇದು ಗುಂಡು ತುಂಬಿದ್ದಾಗಲೇ ಸಿಮೆಂಟ್ ನೆಲಕ್ಕೆ ಬಿತ್ತು. ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ಇಟ್ಟು 1ನೇದರ ಜೊತೆ ಹೋಲಿಸಿದರೆ ಫೀಡ್ ಲಿಪ್, ಅಂದರೆ ತೋಟಾ ಹಿಡಿದಿಡುವ ಬಾಯಿಯ ಅಂಚುಗಳ ನಡುವಿನ ಅಂತರ, ಸುಮಾರು 0.3 ಮಿ.ಮೀ. ಜಾಸ್ತಿ. ಇಕ್ಕಳದಲ್ಲಿ ಬಗ್ಗಿಸಲು ಹೋಗಿ ಸಣ್ಣ ಬಿರುಕು ಬಿಟ್ಟಿತು, ಅದನ್ನು ಎಸೆದು ಹೊಸದು ಕೊಂಡೆ. ಲಿಪ್ ಸರಿಮಾಡುವುದನ್ನು ಆಮೇಲೆ ಬೇರೆ ರೀತಿ ಕಲಿತೆ, ಎರಡು ಮ್ಯಾಗಜಿನ್ ಉಳಿಸಿದ್ದೇನೆ ಕೂಡ. ಆ ಕೈಚಳಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತುಂಬುವಾಗ ಮಾತ್ರ ಒಂದು ವಿಷಯ. ಫಾಲೋಯರ್ ಗುಂಡಿಯನ್ನು ಒಂದೇ ಸಲ ಕೆಳಗಿನ ತನಕ ಎಳೆಯಬೇಡಿ. ತೋಟಾಗಳು ಒಳಗೆ ಅಡ್ಡಾದಿಡ್ಡಿ ಕೂರುತ್ತವೆ. ಒಂದೊಂದಕ್ಕೂ ಬೇಕಾದಷ್ಟೇ ಇಳಿಸಿ. ಮೇಲಿನ ತೋಟಾದ ಹಿಂಬದಿಯ ಚಾಚಿದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಲಿ, ಹಿಂದಾದರೆ ಎರಡೂ ಕೊಂಡಿ ಹಾಕಿಕೊಂಡಂತೆ ಸಿಕ್ಕಿಕೊಳ್ಳುತ್ತವೆ.

ತುಕ್ಕು ಹಿಡಿಯುತ್ತದೆ ಅಂತ ಎಲ್ಲರಿಗಿಂತ ಜೋರಾಗಿ ವಾದ ಮಾಡಿದ್ದ ಗೆಳೆಯ ಕಳೆದ ವಾರ ತನ್ನ ಮೂರು ಮ್ಯಾಗಜಿನ್ ತಂದುಕೊಟ್ಟಿದ್ದಾನೆ. ಒಂದನ್ನು ಬಿಚ್ಚಿದ್ದೇನೆ. ಸೀಳಿನ ತುಂಬಾ ಅದೇ ಕಪ್ಪು ಮೇಣ.