ಹಾಲೋಗ್ರಾಮ್ ಹಾಳೆಯ ಬಣ್ಣ ಅಳೆಯುವುದು ಹೇಗೆ

ಮದುವೆ ಕಾರ್ಡ್‌ಗಳ ಮಾದರಿಯನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿ ತೋರಿಸುವುದು ನನ್ನ ಕೆಲಸ. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಹಾಲೋಗ್ರಾಮ್ ಹಾಳೆ ಬಂದಾಗಲೆಲ್ಲ ಮೊದಮೊದಲು ಸುಮ್ನೆ ಕಾಮನಬಿಲ್ಲಿನ ಚಿತ್ರ ಅಂಟಿಸುತ್ತಿದ್ದೆ. ಕಾರ್ಡ್ ತಿರುಗಿದರೂ ಬಣ್ಣ ಅಲ್ಲೇ ಕೂತಿರುತ್ತಿತ್ತು. ನಿಜವಾದ ಹಾಳೆ ಹಾಗಲ್ಲ ಅಲ್ವಾ? ಅದರ ಬಣ್ಣ ಶಾಯಿಯದ್ದಲ್ಲ. ಮೈಮೇಲಿನ ಅತಿ ಸಣ್ಣ ಗೆರೆಗಳಿಗೆ ತಾಗಿ ಬೆಳಕು ಬಣ್ಣಬಣ್ಣವಾಗಿ ಚದುರುತ್ತದೆ. ಹಾಗಾಗಿ ಮೊದಲು ಗೆರೆಗಳ ನಡುವಿನ ಅಂತರ ಅಳೆಯಿರಿ.

650 ನ್ಯಾನೊಮೀಟರ್‌ನ ಕೆಂಪು ಲೇಸರ್ ಪಾಯಿಂಟರ್ ಸಾಕು. ಹಾಳೆಯನ್ನು ಸುಕ್ಕಿಲ್ಲದಂತೆ ಗಾಜಿಗೆ ಅಂಟಿಸಿ, ಗೋಡೆಗೆ ಮುಖ ಮಾಡಿ 100 ಸೆಂ.ಮೀ. ದೂರದಲ್ಲಿ ನಿಲ್ಲಿಸಿ. ಗೋಡೆಯ ಪಕ್ಕದಿಂದಲೇ ಲೇಸರ್ ನೇರ ಬಿಡಿ. ಒಂದು ಚುಕ್ಕಿ ಪಾಯಿಂಟರ್‌ಗೇ ವಾಪಸ್ ಬರಬೇಕು, ಇನ್ನೊಂದು ಪಕ್ಕದಲ್ಲಿ ಗೋಡೆಗೆ ಬೀಳುತ್ತದೆ. ಎರಡರ ನಡುವಿನ ದೂರ ಅಳೆಯಿರಿ. ಹಾಳೆ ಕನ್ನಡಿಯಂತೆ ಹೊಳೆಯುತ್ತದೆ, ಕಣ್ಣು ಜೋಪಾನ.

ಮೊದಲು ಹಳೆ ಸಿ.ಡಿ. ಇಟ್ಟು ನೋಡಿ. ಅದರ ಗೆರೆ ಅಂತರ 1.6 ಮೈಕ್ರಾನ್, ಚುಕ್ಕಿ ಸುಮಾರು 44.5 ಸೆಂ.ಮೀ.ಗೆ ಬೀಳಬೇಕು. ತುಂಬಾ ಆಚೀಚೆ ಆದರೆ ಗಾಜು ಓರೆಯಾಗಿದೆ ಎಂದರ್ಥ.

ನನ್ನ ಹಾಳೆಯಲ್ಲಿ 72 ಸೆಂ.ಮೀ. ಬಂತು. 72 ಮತ್ತು 100ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 123.2. ಅದನ್ನು 72ರಿಂದ ಭಾಗಿಸಿ 650ರಿಂದ ಗುಣಿಸಿದರೆ ಸುಮಾರು 1112 ನ್ಯಾನೊಮೀಟರ್. ಇದೇ ಗೆರೆಗಳ ಅಂತರ. ಚುಕ್ಕಿ ಯಾವ ದಿಕ್ಕಿಗೆ ಬಿತ್ತು ಅಂತ ಹಾಳೆಯ ಮೇಲೆ ಬಾಣದ ಗುರುತು ಹಾಕಿ. ಹಾಳೆ 90 ಡಿಗ್ರಿ ತಿರುಗಿದರೆ ಕಥೆಯೇ ಬೇರೆ.

ಆಮೇಲೆ ಫೋಟೋ. ಕತ್ತಲೆ ಕೋಣೆ, ಸಣ್ಣ ಹ್ಯಾಲೊಜನ್ ಬಲ್ಬ್. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಬೇಡ. ಕ್ಯಾಮೆರಾ ಹಾಳೆಗೆ ನೇರವಾಗಿ ನಿಂತಿರಲಿ, ಬಲ್ಬನ್ನು ಮಾತ್ರ ಬಾಣದ ದಿಕ್ಕಿನಲ್ಲಿ 5 ಡಿಗ್ರಿಯಂತೆ ಸರಿಸಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಕ್ಯಾಮೆರಾ ಸೆಟ್ಟಿಂಗ್) ಬದಲಾಗಕೂಡದು. ಒಮ್ಮೆ ಅದನ್ನು ಆಟೋದಲ್ಲಿ ಬಿಟ್ಟು ಒಂದು ಇಡೀ ಸಂಜೆಯ ಫೋಟೋ ಕಳೆದುಕೊಂಡೆ. ಹೊಳಪು ವಿಪರೀತ, ಹಾಗಾಗಿ ಪ್ರತಿ ಕೋನಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಮೂರು ಎಕ್ಸ್‌ಪೋಶರ್, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್). ಬಣ್ಣದ ಪಟ್ಟಿ ಎಷ್ಟು ಹರಡುತ್ತದೆ ಎಂಬುದು ಈ ಫೋಟೋಗಳಿಂದಲೇ ಸಿಗುವುದು.

ಬ್ಲೆಂಡರ್‌ನಲ್ಲಿ ಮೈಯ ಬಣ್ಣ ಲೆಕ್ಕ ಹಾಕುವ ಭಾಗವಾದ ಶೇಡರ್‌ನಲ್ಲಿ, ಹಾಳೆಯ ಲಂಬದಿಂದ ಅಳೆದ ಬೆಳಕಿನ ಕೋನದ ಸೈನ್, ನೋಟದ ಕೋನದ ಸೈನ್ ಎರಡನ್ನೂ ಕೂಡಿ ಗೆರೆಗಳ ಅಂತರದಿಂದ ಗುಣಿಸಿ. ಎರಡೂ ಲಂಬದ ಬೇರೆ ಬೇರೆ ಬದಿಗಿದ್ದರೆ ಕಳೆಯಿರಿ. ಮೊದಲ ಪಟ್ಟಿಯ ತರಂಗಾಂತರ ಅದೇ. ಬರೀ ಕೆಂಪು, ಹಸಿರು, ನೀಲಿ ಲೆಕ್ಕ ಹಾಕಿದರೆ ಮೂರು ತುಂಡು ಪಟ್ಟಿ ಕಾಣುತ್ತವೆ. 400ರಿಂದ 700 ನ್ಯಾನೊಮೀಟರ್‌ವರೆಗೆ 10ರ ಅಂತರದಲ್ಲಿ ಲೆಕ್ಕ ಹಾಕಿ, ತರಂಗಾಂತರ ಕಣ್ಣಿಗೆ ಯಾವ ಬಣ್ಣವಾಗಿ ಕಾಣುತ್ತದೆ ಎಂದು ಹೇಳುವ 1931ರ ಸಿಐಇ ಕೋಷ್ಟಕದಿಂದ ಬಣ್ಣಕ್ಕೆ ತನ್ನಿ.

ನನ್ನ ಹಾಳೆಗೆ ಬಲ್ಬ್ 25 ಡಿಗ್ರಿಯಲ್ಲಿದ್ದಾಗ 470 ನ್ಯಾನೊಮೀಟರ್, ಅಂದರೆ ನೀಲಿ. 30ಕ್ಕೆ 556, ಹಸಿರು. 35ಕ್ಕೆ 638, ಕೆಂಪು. ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಮೂರೂ ಅದೇ ಕ್ರಮದಲ್ಲಿ ಬಂದಿದ್ದವು.